ಮುನ್ನೂರ ಹನ್ನೆರಡು ಕಡೆ ಪೀಡೆ

ಗಣಿತದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಅಚ್ಚಿಗೆ ಸಿದ್ಧಪಡಿಸುವುದು ನನ್ನ ಕೆಲಸ. ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಮೇಜು. ಒಲೆಯ ಮೇಲೆ ಹಾಲಿಟ್ಟು ಎರಡು ಸಾಲು ಸಮೀಕರಣ ಮುಗಿಸುತ್ತೇನೆ, ಬಟ್ಟೆ ಒಣಹಾಕಿ ಬಂದು ಇನ್ನೆರಡು. ಹಾಲು ಉಕ್ಕಿದ ದಿನಗಳೇ ಹೆಚ್ಚು.

ಈ ಕೆಲಸದಲ್ಲಿ ಮ್ಯಾಕ್ರೊ ಎಂಬುದೊಂದಿದೆ. ಒಂದು ಚಿಹ್ನೆ ಮೂಡಿಸಲು ಐದಾರು ಆಜ್ಞೆ ಬೇಕಾದರೆ, ಅವನ್ನು ಫೈಲಿನ ತಲೆಯಲ್ಲಿ ಒಂದೇ ಸಲ ಬರೆದು ಅದಕ್ಕೊಂದು ಹೆಸರಿಡುವುದು. ಆಮೇಲೆ ಬೇಕಾದ ಕಡೆಯೆಲ್ಲ ಆ ಹೆಸರು ಹಾಕಿದರೆ ಸಾಕು, ಕಾಗದದ ಮೇಲೆ ಚಿಹ್ನೆ ಬರುತ್ತದೆ. ಹೆಸರು ಓದುವವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಾನಿಟ್ಟ ಹೆಸರುಗಳೆಲ್ಲ ಮನೆಮಾತಿನವು, ಇಂಗ್ಲಿಷ್ ಅಕ್ಷರಗಳಲ್ಲಿ. ತಲೆಯ ಮೇಲೆ ಬಾಣವಿರುವ ಅಕ್ಷರಕ್ಕೆ ‘ಜುಟ್ಟು’. ಮಗಳಿಗೆ ಎರಡು ವರ್ಷವಾಗಿದ್ದಾಗ ಅವಳ ತಲೆ ನೋಡಿ ಇಟ್ಟದ್ದು. ಎರಡು ಕಡೆಯಿಂದ ಬಾಗಿ ಬರುವ ಆವರಣ ‘ಅಪ್ಪುಗೆ’.

ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರ ಪುಸ್ತಕ ಬಂದದ್ದು ಮೂರು ತಿಂಗಳ ಹಿಂದೆ. ಅವರದೊಂದು ಸ್ವಂತ ಚಿಹ್ನೆ: ಅಕ್ಷರದ ಕೆಳಗೆ ಗೆರೆ, ಗೆರೆಯ ಕೆಳಗೆ ಚುಕ್ಕಿ. ನಾನು ಅದಕ್ಕೆ ‘ಚುಕ್ಕಿ’ ಎಂದೇ ಹೆಸರಿಟ್ಟಿದ್ದೆ. ಕರಡು ತೋರಿಸಿದಾಗಲೆಲ್ಲ ಅವರು ಕೆಂಪು ಪೆನ್ನು ಹಿಡಿದು ಬಾಗಿಲಿಗೆ ಬರುವರು. “ಚುಕ್ಕಿ ಇನ್ನೂ ಒಂಚೂರು ಕೆಳಗೆ ಬರಲಿ ತಾಯಿ.” ಇಳಿಸಿದೆ. “ಇನ್ನೂ ಒಂಚೂರು.” ನಾಲ್ಕನೇ ಸಲ ಬಂದಾಗ ಮಗಳಿಗೆ ಜ್ವರ, ನಲ್ಲಿಯಲ್ಲಿ ನೀರಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ನಾನು ಚುಕ್ಕಿಯನ್ನು ಕೂದಲೆಳೆಯಷ್ಟು ಇಳಿಸಿ, ಅದರ ಹೆಸರನ್ನು ‘ಪೀಡೆ’ ಎಂದು ಬದಲಾಯಿಸಿದೆ. ಪುಸ್ತಕದ ಉದ್ದಕ್ಕೂ, ಮುನ್ನೂರ ಹನ್ನೆರಡು ಕಡೆ. ಸಂಜೆ ಯಜಮಾನರಿಗೆ ತೋರಿಸಿದರೆ ಅವರು ಬಿದ್ದು ಬಿದ್ದು ನಕ್ಕರು.

“ಪಾಪ ಕಣೇ, ಒಬ್ಬ ಮನುಷ್ಯನ್ನ ಮುನ್ನೂರು ಸಲ ಬೈದಿದ್ದೀಯಲ್ಲ!”

ನಾನೂ ನಕ್ಕೆ. ಮನಸ್ಸು ಹಗುರಾಗಿತ್ತು ಕೂಡ.

ಹೋದ ವಾರ ಶಾಲೆಯಿಂದ ದೂರು ಬಂತು. ಮಗಳು ತರಗತಿಯ ಒಬ್ಬಳನ್ನು ‘ಡ್ರಮ್ಮು’ ಎಂದು ಕರೆದಳಂತೆ, ಆ ಹುಡುಗಿ ಊಟ ಬಿಟ್ಟಿತಂತೆ. ನಾನು ಮಗಳಿಗೆ ಹೊಡೆಯಲಿಲ್ಲ, ಕೂಗಾಡಲಿಲ್ಲ. ಚಪ್ಪಲಿ ಹಾಕಿಸಿ, ಕೈಹಿಡಿದು ಆ ಹುಡುಗಿಯ ಮನೆಯವರೆಗೆ ಕರೆದುಕೊಂಡು ಹೋದೆ. “ತಪ್ಪಾಯ್ತು ಅಂತ ಅವಳ ಮುಖ ನೋಡಿ ಹೇಳು. ನೆಲ ನೋಡ್ಕೊಂಡಲ್ಲ.” ಹೇಳಿದಳು. ಮನೆಗೆ ಬರುವಾಗ ಎಷ್ಟು ಒಳ್ಳೆಯ ತಾಯಿ ನಾನು ಎಂದುಕೊಂಡದ್ದು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಇವತ್ತು ಬೆಳಿಗ್ಗೆ, ಶಾಲೆಗೆ ರಜೆ. ಮಗಳು ಮೇಜಿನ ಕೆಳಗೆ ಬಣ್ಣ ಹಚ್ಚುತ್ತಿದ್ದಳು, ನಾನು ಒಲೆಯ ಮೇಲೆ ನೀರಿಟ್ಟು ಬೇಳೆ ತೊಳೆಯುತ್ತಿದ್ದೆ. ಮೇಷ್ಟ್ರ ಫೋನು.

“ತಾಯೀ, ಮುದ್ರಣಾಲಯದವರು ಮೂಲ ಫೈಲೂ ಕಳಿಸಿದ್ದಾರೆ. ನನ್ನ ಹತ್ತಿರ ಪಾಠಕ್ಕೆ ಬರೋ ಮಕ್ಕಳಿಗೆ ಅಭ್ಯಾಸದ ಹಾಳೆ ಮಾಡೋಣ ಅಂತ ನಾನೇ ಕೇಳಿದ್ದೆ. ಇದರಲ್ಲಿ ನನ್ನ ಚಿಹ್ನೆ ಇರೋ ಕಡೆಯೆಲ್ಲ ಪೀಡೆ, ಪೀಡೆ ಅಂತಿದೆ. ಅದೇನು?”

ಕೈಯಿಂದ ನೀರು ಸೋರುತ್ತಿತ್ತು. ಬಾಯಿ ತಾನಾಗಿಯೇ ಆಡಿತು. “ಅಯ್ಯೋ, ಅದಾ ಸರ್? ಮೊದಲು ಒಂದು ಹುಡುಗಿ ಸಹಾಯಕ್ಕೆ ಬರ್ತಿದ್ಲು. ಅವಳ ಕೆಲಸ. ನಾನು ಗಮನಿಸಲೇ ಇಲ್ಲ.”

“ಹಾಗೇ ಅಂದ್ಕೊಂಡೆ. ನೀವು ಹಾಗೆ ಬರೆಯೋರಲ್ಲ. ಈ ಫೈಲೇ ಮಕ್ಕಳ ಕೈಗೆ ಹೋಗುತ್ತೆ, ಅದಕ್ಕೇ ಬದಲಾಯಿಸಿಕೊಡಿ. ಆ ಮಕ್ಕಳು ನನಗಿಟ್ಟಿರೋ ಹೆಸರು ಇದಕ್ಕಿಂತ ಚೆನ್ನಾಗಿದೆ, ಬಿಡಿ. ಮತ್ತೆ ಆ ಹುಡುಗಿ ಸಿಕ್ಕರೆ ಹೇಳಿ, ಮುದುಕ ಸುಮ್ಮನೆ ಸತಾಯಿಸಿದ್ದಲ್ಲ ಅಂತ. ನಮ್ಮ ಮಕ್ಕಳು ಪುಸ್ತಕ ಕೊಳ್ಳಲ್ಲಮ್ಮ, ಜೆರಾಕ್ಸ್ ಮಾಡಿಸಿ ಓದ್ತಾರೆ. ಚುಕ್ಕಿ ಹತ್ತಿರ ಇದ್ರೆ ಗೆರೆಯಲ್ಲೇ ಸೇರಿಹೋಗುತ್ತೆ. ಚುಕ್ಕಿ ಹೋದ್ರೆ ಲೆಕ್ಕದ ಅರ್ಥವೇ ತಲೆಕೆಳಗು.”

ಫೋನಿಟ್ಟೆ. ಮೇಜಿನ ಕೆಳಗಿನಿಂದ ಮಗಳ ತಲೆ ಹೊರಬಂತು.

“ಯಾವ ಹುಡುಗಿ ಅಮ್ಮಾ?”

ನಾನು ಬೇಳೆಯ ಪಾತ್ರೆಯನ್ನೇ ನೋಡುತ್ತಿದ್ದೆ.

“ನಮ್ಮನೆಗೆ ಯಾರೂ ಬರ್ತಿರಲಿಲ್ವಲ್ಲ?”

“ಬರ್ತಿರಲಿಲ್ಲ ಪುಟ್ಟಿ. ನಾನು ಸುಳ್ಳು ಹೇಳಿದೆ. ಮೇಷ್ಟ್ರ ಚಿಹ್ನೆಗೆ ಪೀಡೆ ಅಂತ ಹೆಸರಿಟ್ಟಿದ್ದು ನಾನೇ.”

ಅವಳು ಬಣ್ಣದ ಕಡ್ಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಬೈಗುಳವಿಲ್ಲ, ನಗುವಿಲ್ಲ. ಎದ್ದು ನಿಂತು ಕೇಳಿದಳು: “ಚಪ್ಪಲಿ ಹಾಕ್ಕೊಳ್ಳಲಾ?”

ಒಲೆ ಆರಿಸಿದೆ. ದಾರಿಯುದ್ದಕ್ಕೂ ಅವಳೇ ನನ್ನ ಕೈ ಹಿಡಿದಿದ್ದಳು. ತಿರುವಿನಲ್ಲಿ, ಫೋನಿನಲ್ಲೇ ಹೇಳಿಬಿಟ್ಟರೆ ಆಗದೇ ಎಂದು ಕಾಲು ನಿಧಾನವಾಯಿತು. ಅವಳ ಹಿಡಿತ ನಿಧಾನವಾಗಲಿಲ್ಲ.

ಮೇಷ್ಟ್ರು ಬನಿಯನ್ನಿನಲ್ಲೇ ಬಾಗಿಲು ತೆರೆದರು, ಹಣೆಯ ಮೇಲೆ ಕನ್ನಡಕ. ಹಿಂದೆ ಕಂಪ್ಯೂಟರಿನ ಪರದೆಯಲ್ಲಿ ನನ್ನದೇ ಫೈಲು.

ಅವರ ಮುಖ ನೋಡಿ ಹೇಳಿದೆ. “ಯಾವ ಹುಡುಗಿಯೂ ಇಲ್ಲ ಸರ್. ಪೀಡೆ ಅಂತ ಬರೆದಿದ್ದು ನಾನು. ಆಮೇಲೆ ಸುಳ್ಳೂ ಹೇಳಿದೆ. ತಪ್ಪಾಯ್ತು.”

ಅವರು ಕನ್ನಡಕವನ್ನು ಮೂಗಿಗೆ ಇಳಿಸಿ, ಮತ್ತೆ ತೆಗೆದು, ಬನಿಯನ್ನಿನ ಅಂಚಿಗೆ ಒರೆಸಿದರು. ಒರೆಸುತ್ತಲೇ ಇದ್ದರು.

“ಆ ಹುಡುಗಿ ಮೇಲೆ ನನಗೆ ಕೋಪ ಬಂದಿತ್ತು,” ಎಂದರು ಕೊನೆಗೆ. “ಈಗ ಅದನ್ನ ಎಲ್ಲಿಡ್ಲಿ ಹೇಳಿ.”

ಮಗಳು ನಡುವೆ ಬಾಯಿ ಹಾಕಿದಳು. “ತಾತಾ, ಅದರಲ್ಲಿ ನಾನೂ ಇದ್ದೀನಿ. ಜುಟ್ಟು ಅಂದ್ರೆ ನಾನು.”

“ಹೌದೇನೇ? ನೋಡಿದೆ. ನಲವತ್ತನೇ ಪುಟದಲ್ಲಿ ನಿನ್ನ ಕಾಟ ಬಹಳ,” ಎಂದರು ಅವಳಿಗೆ. ಅವಳಿಗೆ ಮಾತ್ರ. ನನ್ನ ಕಡೆ ತಿರುಗಿ, “ಸಂಜೆಯೊಳಗೆ ಸರಿಮಾಡಿ ಕಳಿಸಿ,” ಎಂದರು. ಈ ಸಲ ‘ತಾಯಿ’ ಎನ್ನಲಿಲ್ಲ.

ಮನೆಗೆ ಬಂದು ಫೈಲು ತೆರೆದೆ. ಹುಡುಕಬೇಕಾದದ್ದು ಪೀಡೆ, ಅದರ ಜಾಗಕ್ಕೆ ಬರಬೇಕಾದದ್ದು ಚುಕ್ಕಿ. ಒಂದೇ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಮುನ್ನೂರ ಹನ್ನೆರಡೂ ಬದಲಾದವು. ಮಗಳು ನನ್ನ ಭುಜಕ್ಕೆ ಗಲ್ಲ ಊರಿ ನೋಡುತ್ತಿದ್ದಳು.

“ಅಷ್ಟೇನಾ ಅಮ್ಮಾ? ಆಗೋಯ್ತಾ?”

“ಫೈಲಲ್ಲಿ ಆಯ್ತು.”

ನಾನು ಎದ್ದು ಹೋಗಿ ಬೇಳೆಯನ್ನು ಇನ್ನೊಂದು ಸಲ ತೊಳೆದೆ.