ಹಕ್ಕಿಗೆ ಮೆಟ್ಟಿಲು ಯಾಕೆ?

ಸಿದಿಕಾ ಎದಿರ್ನೆಗೆ ಬಂದು ಮೂರು ದಿನವಾಗಿತ್ತು. ದೂರದ ಆರ್ತ್ವಿನ್‌ನಿಂದ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು, ಸೊಂಟ ನೋಯಿಸಿಕೊಂಡು ಬಂದವಳು ಅವಳು. ಬಂದದ್ದು ಒಂದೇ ಒಂದು ಗೋಡೆ ನೋಡುವುದಕ್ಕೆ. ಆ ಗೋಡೆಯೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿ ಆಗಿತ್ತು.

ಇದೆಲ್ಲ ಗಂಡನ ತಂಗಿ ನೆರ್ಮಿನ್‌ಳ ಕಾರುಬಾರು. ಮದುವೆಯಾಗಿ ಈ ಊರಿಗೆ ಬಂದು ಮೂವತ್ತು ವರ್ಷ. ಊರನ್ನೇ ತಾನು ಕಟ್ಟಿಸಿದವಳ ಹಾಗೆ ತೋರಿಸುತ್ತಿದ್ದಳು. ಮೊದಲ ದಿನ ಸೆಲಿಮಿಯೆ ಎಂಬ ದೊಡ್ಡ ಮಸೀದಿ. ಅದರ ಗುಮ್ಮಟದ ಕೆಳಗೆ ನಿಂತು ಸಿದಿಕಾ, "ಚೆನ್ನಾಗಿದೆಯಮ್ಮ, ಈಗ ಹೊಳೆ ಹತ್ತಿರದ ಸಣ್ಣ ಮಸೀದಿಗೆ ಹೋಗೋಣ್ವಾ?" ಅಂದಳು. "ಅಯ್ಯೋ ಅತ್ತಿಗೆ, ಆ ಪಾಳುಬಿದ್ದ ಮಸೀದಿಯಲ್ಲಿ ಏನಿದೆ? ನಾನೇ ಒಂದಿನ ಹೋಗಿಲ್ಲ. ಬನ್ನಿ, ನಮ್ಮ ಬೀಗರು ಕಾಯ್ತಿದಾರೆ" ಎಂದು ಕೈಹಿಡಿದು ಎಳೆದುಕೊಂಡು ಹೋದಳು ನೆರ್ಮಿನ್.

ಬೀಗರ ಮನೆಯಲ್ಲಿ ಚಹಾ. ಬೀಗರ ಪಕ್ಕದ ಮನೆಯಲ್ಲಿ ಚಹಾ. ಎರಡನೆಯ ದಿನ ಪೇಟೆ. ಸೇಬು ದ್ರಾಕ್ಷಿಯ ಆಕಾರದ ಸಾಬೂನುಗಳನ್ನು ಮೂಸುತ್ತಾ ಬೆಳಗೆಲ್ಲ ಹೋಯಿತು, ಹುರಿದ ಲಿವರ್ ತಿನ್ನುತ್ತಾ ಮಧ್ಯಾಹ್ನ ಹೋಯಿತು. ಆಮೇಲೆ ಮೆರಿಚ್ ನದಿಯ ಸೇತುವೆ, ಸೇತುವೆಯ ಬುಡದಲ್ಲಿ ಮತ್ತೆ ಹಾಳು ಚಹಾ! ಸಿದಿಕಾಗೆ ಹೊಟ್ಟೆಯೊಳಗೆ ಮೆರಿಚ್ ನದಿಯೇ ಹರಿಯುತ್ತಿತ್ತು.

ಅವಳ ಗಂಡ ರಿಫಾತ್ ನಲವತ್ತೈದು ವರ್ಷದ ಹಿಂದೆ ಇದೇ ಊರಿನಲ್ಲಿ ಸಿಪಾಯಿಯಾಗಿದ್ದ. ಆ ಸಣ್ಣ ಮಸೀದಿಯ ಹಿಂಬದಿಯ ಗೋಡೆಯಲ್ಲಿ, ಮೇಲೆ, ಗುಬ್ಬಿಗಳಿಗೆಂದು ಕಲ್ಲಿನ ಮನೆ ಕೆತ್ತಿದ್ದಾರೆ, ಎರಡು ಮಹಡಿ, ಐದು ಕಿಟಕಿ, ಬಾಗಿಲಿಗೆ ಮೆಟ್ಟಿಲು ಎಂದು ಮದುವೆಯ ಹೊಸತರಲ್ಲಿ ಹೇಳಿದ್ದ. ಮಹಡಿ, ಕಿಟಕಿ ಎಲ್ಲವನ್ನೂ ಸಿದಿಕಾ ಒಪ್ಪಿದಳು. "ಹಾರೋ ಹಕ್ಕಿಗೆ ಮೆಟ್ಟಿಲು ಯಾಕ್ರೀ?" ಅಂದಳು ಅಷ್ಟೇ. ಅಲ್ಲಿಂದ ಶುರುವಾದದ್ದು ನಲವತ್ತು ವರ್ಷ ನಡೆಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ ರಿಫಾತ್. ಊಟಕ್ಕೆ ಕೂತಾಗ ಮೆಟ್ಟಿಲು, ನೆಂಟರ ಮುಂದೆ ಮೆಟ್ಟಿಲು, ಮಗಳ ಮದುವೆಯಲ್ಲೂ ಮೆಟ್ಟಿಲು.

ಕಳೆದ ಚಳಿಗಾಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಮೂಳೆ ಕೂಡಿತು. ಮನೆಗೆ ಬಂದವನು ಮಾತ್ರ ಬೇರೆ ಯಾರೋ. ಸಾರಿಗೆ ಉಪ್ಪಿಲ್ಲದಿದ್ದರೂ "ಚೆನ್ನಾಗಿದೆ" ಎನ್ನುವನು. ಏನು ಕೇಳಿದರೂ ಕೋಲೆಬಸವನ ಹಾಗೆ ತಲೆಯಾಡಿಸುವನು. ಕಡೆಗೊಂದು ದಿನ ಬೇಕೆಂದೇ ಕೆಣಕಿದಳು: "ಮೆಟ್ಟಿಲಂತೆ ಮೆಟ್ಟಿಲು!" ಅವನು ಗೋಡೆಯ ಕಡೆ ತಿರುಗಿ, "ಇರ್ಲಿಲ್ಲವೇನೋ. ನೀನು ಹೇಳಿದ್ದೇ ಸರಿ" ಅಂದುಬಿಟ್ಟ. ಅಂದೇ ಸಿದಿಕಾ ಚೀಲ ಕಟ್ಟಿದಳು. ಮಗಳನ್ನು ಅವನ ಹತ್ತಿರ ಬಿಟ್ಟು ಬಸ್ಸು ಹತ್ತಿದಳು.

ಈ ದಿನ ಸಂಜೆ ಆರಕ್ಕೆ ವಾಪಸು ಬಸ್ಸು. ಗಂಟೆ ಮೂರಾಗಿತ್ತು. ನೆರ್ಮಿನ್‌ಳ ಅಡುಗೆಮನೆಯಲ್ಲಿ ಕೂತ ಸಿದಿಕಾ ಚಹಾದ ಲೋಟದ ಮೇಲೆ ಚಮಚವನ್ನು ಅಡ್ಡ ಇಟ್ಟಳು. ಚಮಚ ಅಡ್ಡ ಇಟ್ಟರೆ ಸಾಕು ಎಂದು ಅರ್ಥ; ಆಮೇಲೆ ಯಾವ ಮನೆಯವರೂ ಬಗ್ಗಿಸುವುದಿಲ್ಲ. ನೆರ್ಮಿನ್ ನಗುತ್ತಾ ಚಮಚ ಎತ್ತಿಟ್ಟು, "ನನ್ನ ಹತ್ರಾನೂ ಇದೆಲ್ಲಾನಾ ಅತ್ತಿಗೆ?" ಎಂದು ಕಂಠಮಟ್ಟ ಸುರಿದಳು.

ಸಿದಿಕಾ ಸಿಡಿದೆದ್ದಳು. "ಸಾಕು ಮಾಡೇ ಮಾರಾಯ್ತಿ! ಸಾಬೂನು ಮೂಸೋಕೆ ನಾನು ಇಷ್ಟು ದೂರ ಬಂದ್ನಾ? ನಿಮ್ಮಣ್ಣ ಜಗಳ ಆಡೋದು ಬಿಟ್ಟಿದಾರೆ ಕಣೇ!"

ನೆರ್ಮಿನ್‌ಳ ಕೈಯಲ್ಲಿದ್ದ ಕೆಟಲು ಅಲ್ಲೇ ನಿಂತಿತು. "ಯಾರು? ನಮ್ಮಣ್ಣಾನಾ?"

"ಹೂಂ. ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ಆ ಗುಬ್ಬಿಮನೆ ಮೆಟ್ಟಿಲಿಗೂ."

"ಅಯ್ಯೋ ದೇವರೇ. ಮೊದ್ಲೇ ಹೇಳೋದಲ್ವಾ?" ನೆರ್ಮಿನ್ ಒಲೆ ಆರಿಸಿ, ತಲೆಗೆ ವಸ್ತ್ರ ಸುತ್ತಿಕೊಂಡು, ತಾನೇ ಮುಂದೆ ಓಡಿದಳು.

ಮಸೀದಿಯ ಹಿಂದೆ ಮೊಣಕಾಲುದ್ದ ಹುಲ್ಲು. ಸಿದಿಕಾ ಕನ್ನಡಕ ಒರೆಸಿಕೊಂಡು ಕತ್ತೆತ್ತಿದಳು. ಸೂರಿನ ಕೆಳಗೆ ಮೊಳದಗಲದ ಎರಡು ಮಹಡಿ, ಐದು ಕಿಟಕಿ, ಒಂದು ಕಿಟಕಿಯಲ್ಲಿ ಗುಬ್ಬಿ. ಬಾಗಿಲ ಕೆಳಗೆ, ಬೆರಳಿನ ಗೆಣ್ಣಿನಷ್ಟೇ ದಪ್ಪದ ಮೂರು ಮೆಟ್ಟಿಲು. ಇದ್ದವು. ನಲವತ್ತು ವರ್ಷ ಆ ಮನುಷ್ಯ ನಿಜವನ್ನೇ ಹೇಳಿದ್ದ.

ಅವಳು ಫೋನ್ ಮಾಡಿದಳು. "ರೀ, ಗೋಡೆ ಮುಂದೇನೇ ನಿಂತಿದೀನಿ." ಮೂರು ಮೆಟ್ಟಿಲನ್ನೂ ನೋಡುತ್ತಲೇ ಹೇಳಿದಳು, "ಮೆಟ್ಟಿಲು ಇಲ್ಲ."

"ಇಲ್ವಾ?" ಅಂದ ರಿಫಾತ್. "ಇರ್ಲಿ ಬಿಡು. ನೀನು ಹೇಳಿದ್ಮೇಲೆ ಮುಗೀತು."

ಸಿದಿಕಾ ಬಿಡಲಿಲ್ಲ. "ಮುಗೀತು ಅಂದ್ರೆ? ನಾಳೆ ಊರಿಗೆ ಬಂದು ಚಹಾ ಅಂಗಡೀಲಿ ಎಲ್ಲರ ಮುಂದೆ ಹೇಳ್ತೀನಿ. ಈ ಸಿಪಾಯಿಗೆ ಕಣ್ಣೇ ಕಾಣ್ತಿರ್ಲಿಲ್ಲ, ಬಂದೂಕಿನಲ್ಲಿ ಯಾರಿಗೆ ಗುರಿ ಇಡ್ತಿದ್ನೋ ಅಂತ."

ಪಕ್ಕದಲ್ಲಿ ನೆರ್ಮಿನ್ ಮೇಲೆ ಬೆರಳು ತೋರಿಸಿ, "ಅತ್ತಿಗೆ, ಅಲ್ಲಿ ಇದೆಯಲ್ಲ..." ಎನ್ನುವಷ್ಟರಲ್ಲಿ ಸಿದಿಕಾ ಅವಳ ಬಾಯಿ ಮುಚ್ಚಿ ಹಿಡಿದಳು.

"ಲೇ," ಅಂದ ರಿಫಾತ್. "ಯಾವ ಗೋಡೆ ನೋಡ್ತಿದೀಯ?"

"ಹಿಂಬದಿ ಗೋಡೆ."

"ಕನ್ನಡಕ ಹಾಕ್ಕೊಂಡಿದೀಯಾ?"

"ಹಾಕ್ಕೊಂಡಿದೀನಿ. ಏನೂ ಇಲ್ಲ."

"ಏನೂ ಇಲ್ವಾ? ಮೂದೇವಿ! ಬಾಗಿಲ ಕೆಳಗೆ ನೋಡೇ! ಅಲ್ಲಿ ಪಹರೆ ನಿಂತು ದಿನಾ ಎಣಿಸಿದವನು ನಾನು. ಮೂರಿದಾವೆ, ಮೂರು! ಅಷ್ಟು ದೂರ ಹೋಗಿ ಕುರುಡಿ ಹಾಗೆ ನಿಂತಿದಾಳಂತೆ!" ಕೂಗಿನ ಅಬ್ಬರಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ನೆರ್ಮಿನ್‌ಳಿಗೂ ಪ್ರತಿ ಮಾತು ಕೇಳಿಸುತ್ತಿತ್ತು.

ಸಿದಿಕಾ ಹುಲ್ಲಿನ ಮೇಲೇ ಕೂತುಬಿಟ್ಟಳು. ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಒಂದೂ ಕಾಣ್ತಿಲ್ಲ ರೀ," ಅಂದಳು. "ಇನ್ನೊಂದ್ಸಲ ಹೇಳಿ, ಎಷ್ಟು ಮೆಟ್ಟಿಲು?"