ಆ ದಿನದ ಟಾಪಿಕ್

ನಮ್ಮ ಮನೆಯವರು, ಸಿದ್ದಲಿಂಗಪ್ಪನವರು, ಪುಣೆ ಹತ್ತಿರ ದೇಹೂ ರೋಡಿನ ಮಿಲಿಟರಿ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದರು. ದಿನವಿಡೀ ಸಾಹೇಬರ ಇಂಗ್ಲಿಷ್ ಪತ್ರ ಟೈಪ್ ಮಾಡಿ ಮಾಡಿ, ಇಂಗ್ಲಿಷ್ ಎಂದರೆ ತಮ್ಮ ಮನೆದೇವರು ಎನ್ನುವ ಹಾಗೆ ಆಡುತ್ತಿದ್ದರು. ನನಗೆ ಆ ದೇವರ ಗುಡಿಯ ದಾರಿಯೇ ಗೊತ್ತಿರಲಿಲ್ಲ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಬಂದು ನಿಗಡಿಯಲ್ಲಿ ಸಂಸಾರ ಹೂಡಿದವಳು ನಾನು. ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ಅಷ್ಟರಲ್ಲಿ ನನ್ನ ಬದುಕು ಸರಾಗವಾಗಿ ನಡೆದಿತ್ತು.

ಸ್ವಪ್ನಿಲ್ ನಮಗೆ ಒಬ್ಬನೇ ಮಗ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ. ಹಿಂಜವಾಡಿಯಲ್ಲಿ ಕಂಪನಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಬರೆಯುವ ಪರೀಕ್ಷೆಯಲ್ಲಿ ಇವನು ಎಲ್ಲ ಕಡೆ ಪಾಸು. ಆಮೇಲೆ ಹತ್ತು ಜನರ ಜೊತೆ ಕೂರಿಸಿ, ಒಂದು ವಿಷಯ ಕೊಟ್ಟು ಇಂಗ್ಲಿಷಿನಲ್ಲಿ ಮಾತಾಡಿ ಎಂದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಮೊದಲೇ ಮಿತಭಾಷಿ. ಅಪ್ಪನೆದುರು ಕನ್ನಡದಲ್ಲೇ ಎರಡು ಮಾತಿಗಿಂತ ಹೆಚ್ಚು ಆಡಿದವನಲ್ಲ, ಇನ್ನು ಹೊರಗಿನವರ ಮುಂದೆ ಇಂಗ್ಲಿಷಿನಲ್ಲಿ ಏನು ಮಾತಾಡಿಯಾನು? ಪ್ರತಿ ಸಲ ಅಲ್ಲಿಂದ ಬರುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ನನಗೆ ಆ ಕಂಪನಿಯವರ ಮೇಲೆ ಸಿಟ್ಟು ಬರುತ್ತಿತ್ತು. ಕೆಲಸ ಮಾಡಲಿಕ್ಕೆ ಹುಡುಗನನ್ನು ಕರೆದಿದ್ದಾರೋ, ಭಾಷಣ ಮಾಡಿಸಲಿಕ್ಕೋ?

ನಮ್ಮವರು ಬೇರೆಯೇ ಉಪಾಯ ತೆಗೆದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಬರೆದು ಹಾಕಿಟ್ಟರು. ಟೆಕ್ನಾಲಜಿ, ಕಲ್ಚರ್, ಎಜುಕೇಶನ್, ಕೆರಿಯರ್, ಹೀಗೆ. ಸಂಜೆ ಆಫೀಸಿನಿಂದ ಬಂದು ಚಹಾ ಕುಡಿದ ಮೇಲೆ ಸ್ವಪ್ನಿಲ್ ಒಂದು ಚೀಟಿ ಎತ್ತಬೇಕು. ಟೀವಿ ಪಕ್ಕ ನಿಂತು ಅದರ ಮೇಲೆ ಮಾತಾಡಬೇಕು. ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕುವ ಹಾಗಿಲ್ಲ, ಕನ್ನಡದ ಒಂದು ಅಕ್ಷರವೂ ಬರುವ ಹಾಗಿಲ್ಲ. ನಾನು ಅಡುಗೆಮನೆ ಬಾಗಿಲ ಹತ್ತಿರ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದೆ. ತಿಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೂ ನನ್ನ ಮಗ ಸಾಹೇಬರ ಭಾಷೆ ಆಡುತ್ತಿದ್ದಾನೆ ಎಂದು ಎದೆ ಉಬ್ಬುತ್ತಿತ್ತು, ಸುಳ್ಳು ಯಾಕೆ ಹೇಳಲಿ.

“ಪಾಠ ಒಪ್ಪಿಸಿದಂಗ ಆಗಾಕತ್ತೈತಿ,” ಎಂದು ಇವರು ಒಂದು ದಿನ ಬೈದರು. “ಪುಸ್ತಕದ ಮಾತು ಬ್ಯಾಡ. ನಿನ್ನ ಬಗ್ಗೆನ ಹೇಳು, ಮನಸಿನಿಂದ ಹೇಳು. ಇಂಟರ್‌ವ್ಯೂದವರಿಗೆ ಅದು ಭಾಳ ಸೇರತದ.”

ಸ್ವಪ್ನಿಲ್ ತಲೆಯಾಡಿಸಿದ.

ಅದಾದ ಒಂದೆರಡು ವಾರಕ್ಕೆ ಮತ್ತೊಂದು ಇಂಟರ್‌ವ್ಯೂ ಬಂತು. ಹಿಂದಿನ ಸಂಜೆ ಅವನು ಎತ್ತಿದ್ದು ಕೆರಿಯರ್ ಎಂಬ ಚೀಟಿ. ಅವತ್ತು ಅವನು ಮಾತಾಡಿದ ಹಾಗೆ ಎಂದೂ ಮಾತಾಡಿರಲಿಲ್ಲ. ಎಲ್ಲೂ ತಡವರಿಸಲಿಲ್ಲ. ದನಿ ನಡುಗುತ್ತಿತ್ತು, ಇಂಗ್ಲಿಷ್ ಜೋರಾಗಿ ಬಂದರೆ ಹೀಗೆಯೇ ಇರಬೇಕು ಎಂದುಕೊಂಡೆ. ಕೊನೆಗೆ ನನ್ನ ಕಡೆ ತಿರುಗಿ ಏನೋ ಹೇಳಿದ. ಅದರಲ್ಲಿ ‘ಮದರ್’ ಎಂಬ ಮಾತು ಬಂತು. ಅದೊಂದು ನನಗೆ ಗೊತ್ತಿತ್ತು. ದೊಡ್ಡ ಮಾತಿನಲ್ಲಿ ನನ್ನನ್ನೂ ಸೇರಿಸಿಕೊಂಡನಲ್ಲ ಎಂದು ಸಂತೋಷದಿಂದ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದವನು ಮರಳಿ ಬರಲಿಲ್ಲ. ಆ ಕಂಪನಿಗೂ ಹೋಗಿರಲಿಲ್ಲ.

ಪೊಲೀಸ್ ಚೌಕಿಗೆ ಹೋದೆವು, ಪೇಪರಿನಲ್ಲಿ ಫೋಟೋ ಹಾಕಿಸಿದೆವು. ಗೆಳೆಯರ ಮನೆ ನೋಡಿ, ಆಸ್ಪತ್ರೆ ನೋಡಿ ಎಂದು ಪೊಲೀಸರು ಹೇಳಿದರೆ ನಮ್ಮವರು ಮಾತ್ರ ರೈಲ್ವೆ ಸ್ಟೇಶನ್ ಹಿಡಿದು ಅಲೆದರು. ಲೋಣಾವಳ, ಕಲ್ಯಾಣ, ದೌಂಡ, ಸೊಲ್ಲಾಪುರ. ಪ್ಲಾಟ್‌ಫಾರ್ಮಿನಲ್ಲಿ ಮಲಗಿದವರ ಮುಖದ ಮೇಲಿನ ಚಾದರ ಸರಿಸಿ ನೋಡಿ ಬೈಸಿಕೊಂಡು ಬಂದರು. ಸ್ಟೇಶನ್ನೇ ಯಾಕೆ ಎಂದು ಕೇಳುವಷ್ಟು ಬುದ್ಧಿ ಆಗ ನನಗೆ ನೆಟ್ಟಗಿರಲಿಲ್ಲ. ನೆಂಟರು ಬಂದು ಸಮಾಧಾನ ಹೇಳಿದರು. ಕೆಲವರು ಯಾವ ಹುಡುಗಿ ಎಂದು ಕೇಳಿದರು. ಅವರಿಗೆ ಚಹಾ ಸಹ ಕೊಡದೆ ಕಳಿಸಿದೆ.

ಅವನು ಆ ಸಂಜೆ ಏನು ಹೇಳಿದ ಎಂದು ನಮ್ಮವರನ್ನು ಎಷ್ಟು ಸಲ ಕೇಳಿದೆನೋ.

“ಏನೈತಿ ಅದರಾಗ? ಕೆರಿಯರ್ ಬಗ್ಗೆ ಹೇಳಿದ,” ಎನ್ನುತ್ತಿದ್ದರು.

“ನನ್ನ ಕಡೆ ನೋಡಿ ಅಂದನಲ್ರಿ, ಅದೇನು?”

“ಅವ್ವಂದು ಅಪ್ಪಂದು ಆಶೀರ್ವಾದ, ಅಂಥಾದ್ದ ಏನೋ. ನೆನಪಿಲ್ಲ ನನಗ.” ಹೀಗೆಂದು ಎದ್ದು ಹೋಗುತ್ತಿದ್ದರು.

ನಾಲ್ಕು ವರ್ಷ ಹೀಗೆಯೇ ಕಳೆಯಿತು. ಇವರು ರಿಟೈರ್ ಆದರು. ನಾನು ಐವತ್ತು ದಾಟಿದ ಮೇಲೆ ಚಿಂಚವಡದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೆಸರು ಹಚ್ಚಿದೆ. ಓಣಿಯವರು ನಕ್ಕರು. ನಗಲಿ. ನನ್ನ ಮಗ ನನಗೆ ಹೇಳಿದ ಕಡೆಯ ಮಾತು ನನಗೆ ತಿಳಿಯದ ಭಾಷೆಯಲ್ಲಿ ಉಳಿದುಬಿಟ್ಟಿದೆ ಎಂದು ಅವರಿಗೆ ಹೇಗೆ ಹೇಳಲಿ? ಆ ಭಾಷೆಯ ಮೇಲೆ ನನಗೆ ಹಗೆಯಿತ್ತು, ಆದರೆ ಅದರ ಮನೆಗೇ ಹೋಗಿ ಕೇಳದೆ ಬೇರೆ ದಾರಿ ಇರಲಿಲ್ಲ.

ಅಲ್ಲಿಯೂ ಅದೇ ಟಾಪಿಕ್‌ಗಳು! ಮಾಧುರಿ ಎಂಬ ಚಿಕ್ಕ ವಯಸ್ಸಿನ ಟೀಚರ್, ಎಲ್ಲರಿಗೂ ಮಾತಾಡಲು ವಿಷಯ ಬೇಕಲ್ಲ ಎಂದು ವಾರಕ್ಕೊಂದು ಪಾಠ ಮಾಡುತ್ತಿದ್ದಳು. ಟೆಕ್ನಾಲಜಿಯ ವಾರ ನಾನು ಮಿಕ್ಸರ್ ಬಗ್ಗೆ ಮಾತಾಡಿದೆ. ಕಲ್ಚರ್ ಬಂದಾಗ ಸಂಕ್ರಾಂತಿಯ ಮಾದಲಿ ಮಾಡುವುದನ್ನು ಹೇಳಿದೆ. ಬಾರಾಮತಿಯಿಂದ ಸೊಸೆಯ ಬಾಣಂತನಕ್ಕೆ ಬಂದಿದ್ದ ಒಬ್ಬ ಹೆಂಗಸು ರೆಸಿಪಿ ಬರೆದುಕೊಂಡಳು. ತಪ್ಪೋ ಒಪ್ಪೋ, ಬಾಯಿ ಬಿಡಲು ಕಲಿತೆ. ಎದುರಿನವರು ಆಡಿದ್ದು ತಿಳಿಯತೊಡಗಿತು.

ಕೆರಿಯರ್ ಪಾಠದ ದಿನ ಬಂತು. ಮಾಧುರಿ ಬೋರ್ಡಿನ ತುಂಬ ಮಾತುಗಳನ್ನು ಬರೆದಳು. ಆಫೀಸು, ಸಂಬಳ, ಅನುಭವ, ಬಡ್ತಿ, ಮುಂದಿನ ಗುರಿ, ಎಲ್ಲದಕ್ಕೂ ಇಂಗ್ಲಿಷ್ ಮಾತು. ನಾವು ಗಟ್ಟಿಯಾಗಿ ಹೇಳಬೇಕು. ಹೇಳುತ್ತಾ ಹೇಳುತ್ತಾ ನಾನು ನಡುವೆಯೇ ನಿಲ್ಲಿಸಿಬಿಟ್ಟೆ. ಚೀಟಿಯ ಆಟ ಶುರುವಾದಾಗಿನಿಂದ ಈ ಮಾತುಗಳನ್ನೆಲ್ಲ ಎಷ್ಟೋ ಸಂಜೆ ಅವನ ಬಾಯಲ್ಲಿ ಕೇಳಿದ್ದೆ. ಅರ್ಥ ಗೊತ್ತಿರದಿದ್ದರೂ ಕಿವಿಗೆ ಅವು ಗುರುತಿನವೇ. ಆ ಕೊನೆಯ ಸಂಜೆ ಮಾತ್ರ ಇವುಗಳಲ್ಲಿ ಒಂದನ್ನೂ ಅವನು ಆಡಿರಲಿಲ್ಲ.

ಪಾಠ ಮುಗಿಯುವ ಮುಂಚೆಯೇ ಎದ್ದು ರಿಕ್ಷಾ ಹಿಡಿದೆ.

ನಮ್ಮವರು ಪೇಪರ್ ಓದುತ್ತಾ ಕುಳಿತಿದ್ದರು. ಪೇಪರ್ ಕಸಿದುಕೊಂಡೆ.

“ಏಳ್ರಿ. ಆ ಟೀವಿ ಕಡೆ ನಿಲ್ರಿ.”

“ಏನಾತು ಸಾವಂತ್ರಿ?”

“ಇವತ್ತ ಟಾಪಿಕ್ ನಾ ಕೊಡ್ತೀನಿ. ನನ್ನ ಮಗ ಅವತ್ತ ಏನ್ ಮಾತಾಡಿದ, ಅದು. ನಡುವ ಬಾಯಿ ಹಾಕೂದಿಲ್ಲ ನಾನು. ಮುಗಿಯೂತನ ನೀವೂ ಕೂಡಂಗಿಲ್ಲ. ನಿಮ್ಮದ ಪದ್ಧತಿ ಇದು.”

ಅವರು ನನ್ನ ಮುಖ ನೋಡಿದರು. ನಾನು ಬಿಡುವುದಿಲ್ಲ ಎಂದು ತಿಳಿಯಿತೇನೋ, ಹೋಗಿ ನಿಂತರು. ಇಂಗ್ಲಿಷಿನಲ್ಲಿ ಶುರು ಮಾಡಿ, ಒಂದು ವಾಕ್ಯಕ್ಕೇ ಬಿಟ್ಟರು. ಗೋಡೆಗೆ ಕೈ ಊರಿ ಕನ್ನಡಕ್ಕೆ ಬಂದರು.

“ನನ್ನ ಕೈಲೆ ಇನ್ನ ಆಗೂದಿಲ್ಲ ಅಂದ. ಯಾರ ಮುಂದೂ ನಿಂತು ಮಾತಾಡಾಕ ಆಗೂದಿಲ್ಲ, ಸೋತು ಬಂದು ನಿಮ್ಮ ಮಾರಿ ನೋಡಾಕೂ ಆಗೂದಿಲ್ಲ ಅಂದ. ನಾಳೆ ಇಂಟರ್‌ವ್ಯೂಗೆ ಹೋಗೂದಿಲ್ಲ, ಸ್ಟೇಶನ್ನಿಗೆ ಹೋಗತೀನಿ, ಯಾವ ಗಾಡಿ ಬರತದೋ ಅದರಾಗ ಕೂಡತೀನಿ ಅಂದ.”

“ನೀವ್ ಸುಮ್ಮನ ಕುಂತ್ರಿ?”

“ಮನಸಿನಿಂದ ಮಾತಾಡು ಅಂತ ನಾನ ಕಲಿಸಿದ್ನಲ್ಲ! ನಾ ಹೇಳಿದಂಗ ಮಾಡಾಕತ್ತಾನ ಅಂತ ತಿಳಕೊಂಡ್ನಿ. ಎಷ್ಟ ಖರೇ ಅನಸೂಹಂಗ ಹೇಳಾಕತ್ತಾನ, ಈ ಸಲ ಕೆಲಸ ಸಿಕ್ಕೇ ಸಿಗತದ ಅಂತ ಖುಷಿಪಟ್ನಿ. ಮರುದಿನ ಸಂಜೀತನ ಹಂಗ ತಿಳಕೊಂಡಿದ್ನಿ, ಸಾವಂತ್ರಿ.”

ಅವರು ಕುರ್ಚಿಯ ಕಡೆ ನೋಡಿದರು. ಕೂಡಿರಿ ಎಂದು ನಾನು ಹೇಳಲಿಲ್ಲ. ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪಕ್ಕ ಕೂತು ಉಂಡ ಮನುಷ್ಯ. ಮರುಕವೂ ಬಂತು, ಕೊಂದುಬಿಡಬೇಕು ಎನ್ನುವಂಥ ಸಿಟ್ಟೂ ಬಂತು.

“ನನ್ನ ಕಡೆ ತಿರುಗಿ ಅಂದದ್ದು?”

“ಅದ ಬ್ಯಾಡ.”

“ಹೇಳ್ರಿ.”

“ಮೈ ಮದರ್ ಅಂತ ಶುರು ಮಾಡಿದ,” ಎಂದರು. ಮುಂದಿನದನ್ನು ಹೇಳುವಾಗ ನೆಲ ನೋಡುತ್ತಿದ್ದರು. “ನಮ್ಮವ್ವಗ ಈ ಮಾತು ತಿಳಿಯೂದಿಲ್ಲ. ತಿಳಿದಿದ್ರ ಈಗ ಬಂದು ನನ್ನ ಹಿಡಕೊಂಡು ಕೂಡತಿದ್ಲು, ನಾಳೆ ಹೋಗಾಕ ಬಿಡತಿರಲಿಲ್ಲ. ಹಿಂಗಂದ.”

ನನಗೆ ಅಳುವೂ ಬರಲಿಲ್ಲ. ಅವನು ಇಷ್ಟೇ ದೂರದಲ್ಲಿ ನಿಂತಿದ್ದ, ಈಗ ಇವರು ನಿಂತ ಜಾಗದಲ್ಲಿ. ಹೇಳಿ ಮುಗಿಸಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದ್ದ. ಕಾಯುತ್ತಿದ್ದ, ಈಗ ನನಗೆ ಗೊತ್ತು. ನಾನು ಅವತ್ತು ಕೈಗೆ ಹತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ಚಪ್ಪಾಳೆ ತಟ್ಟಿದೆ. ಬಿಸಿ ರೊಟ್ಟಿ ತಂದು ತಾಟಿಗೆ ಹಾಕಿ, “ಭಾಳ ಛಂದ ಮಾತಾಡಿದಿ ನೋಡು ಮಗನ,” ಎಂದು ಅವನ ತಲೆ ಸವರಿ, ಇನ್ನೊಂದು ರೊಟ್ಟಿ ಬಡಿಯಲು ಒಳಗೆ ಹೋದೆ.