ಎತ್ತಿದ ಕೈ

ಅಕ್ಕ ಅವನ ಒಡಹುಟ್ಟಿದವಳೇನಲ್ಲ. ಕಾಲೇಜಿನಲ್ಲಿ ಅವನಿಗೆ ರಾಜ್ಯಶಾಸ್ತ್ರ ಕಲಿಸಿದವಳು, ಮುಂದೆ ಅವನು ಅದೇ ವಿಭಾಗಕ್ಕೆ ಮೇಷ್ಟ್ರಾಗಿ ಬಂದಾಗ ಪಕ್ಕದ ಕುರ್ಚಿ ಒರೆಸಿ ಕೂರಿಸಿಕೊಂಡವಳು. ಮೊದಲ ವರ್ಷದವರಿಗೆ ದೇಶದೇಶಗಳ ಆಡಳಿತವನ್ನು ಹೋಲಿಸಿ ಹೇಳುವ ಪೇಪರು ಕಲಿಸುವುದರಲ್ಲಿ ಆಕೆ ಎತ್ತಿದ ಕೈ.

ಅವಧಿ ಮುಗಿದರೂ ಕಾನೂನು ತಿದ್ದಿಕೊಂಡು ಕುರ್ಚಿಗಂಟಿದ ಪರದೇಶದ ಅಧ್ಯಕ್ಷರ ಬಗ್ಗೆ ಒಂದು ದಿನ ಆಕೆಯ ಪಾಠ ನಡೆದಿತ್ತು. "ಮೇಡಂ, ನಮ್ಮ ಪ್ರಿನ್ಸಿಪಾಲರೂ ಹಾಗೇ ಅಲ್ವಾ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನಿವೃತ್ತಿ ವಯಸ್ಸು ದಾಟಿದ ಮೇಲೂ ಪ್ರಿನ್ಸಿಪಾಲರು ಎರಡು ಸಲ ಸೇವೆ ವಿಸ್ತರಿಸಿಕೊಂಡಿದ್ದರು. "ಒಳ್ಳೇ ಉದಾಹರಣೆ, ಬರ್ಕೊಳ್ಳಿ" ಎಂದು ಅಕ್ಕ ನಕ್ಕಳು. ಸಂಜೆಯೊಳಗೆ ಮಾತು ಪ್ರಿನ್ಸಿಪಾಲರ ಕಿವಿಗೆ ಬಿತ್ತು. ಮರುದಿನವೇ ವಿಭಾಗದ ಸಭೆ.

"ಹೆದರ್ಬೇಡಿ ಅಕ್ಕ, ನಾನಿದೀನಲ್ಲ" ಎಂದು ಅವನು ಮೆಟ್ಟಿಲ ಮೇಲೆ ಎದೆ ತಟ್ಟಿಕೊಂಡು ಹೇಳಿದ್ದ.

ಸಭೆಯಲ್ಲಿ ಪ್ರಿನ್ಸಿಪಾಲರು ಮತ ಬರೆಯಲು ಚೀಟಿಗೀಟಿ ಏನೂ ತರಿಸಲಿಲ್ಲ. "ಆ ಪೇಪರು ಮೇಡಂ ಕೈಯಿಂದ ತೆಗೆಯೋಣ ಅನ್ನೋರು ಕೈ ಎತ್ತಿ" ಎಂದು ಒಬ್ಬೊಬ್ಬರ ಮುಖ ನೋಡತೊಡಗಿದರು; ಒಂದೊಂದೇ ಕೈ ಮೇಲೇಳುತ್ತಾ ಬಂತು. ಹಾಗೆ ನೋಡುವವರ ಎದುರು ಜನರ ಕೈ ನಡುಗುತ್ತದೆಂದೇ ಎಷ್ಟೋ ದೇಶಗಳು ಗುಟ್ಟಿನ ಮತದಾನ ತಂದವೆಂದು ಅವನೇ ಹಿಂದಿನ ವಾರ ಪಾಠ ಮಾಡಿದ್ದ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪ್ರಿನ್ಸಿಪಾಲರ ಕಣ್ಣು ತನ್ನ ಮೇಲೆ ನಿಂತಾಗ ಅವನ ಕೈ ತಂತಾನೇ ಮೇಲೆದ್ದಿತು. ಎದುರಿಗೆ ಅಕ್ಕ ಕೂತಿದ್ದಳು.

"ಭೇಷ್! ಇನ್ಮೇಲೆ ಆ ಪೇಪರು ನಿಮ್ಮದೇ" ಎಂದರು ದೊಡ್ಡವರು.

ರಾತ್ರಿ ಮನೆಯಲ್ಲಿ ಅವನು ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದ. "ಯಾಕ್ರೀ, ಮೈ ಹುಷಾರಿಲ್ವಾ?" ಎಂದು ಹೆಂಡತಿ ಕೇಳಿದರೆ ಹೂಂ ಎಂದ. ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಪ್ರಿನ್ಸಿಪಾಲರ ಕೋಣೆಗೆ ಹೋದ. "ಸರ್, ಆ ಪೇಪರು ಅಕ್ಕನಿಗೇ ಇರ್ಲಿ."

"ಸಭೆ ತೀರ್ಮಾನ ಕಣ್ರೀ! ನೀವೇ ಕೈ ಎತ್ತಿ, ನೀವೇ ಬೇಡ ಅಂದ್ರೆ ಹೇಗೆ?" ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು. ಅವನು ಬಾಗಿಲು ಎಳೆದುಕೊಂಡು ಹೊರಬಂದ.

ಸ್ಟಾಫ್ ರೂಮಿನಲ್ಲಿ ಅಕ್ಕ ಉತ್ತರಪತ್ರಿಕೆ ತಿದ್ದುತ್ತಿದ್ದಳು. "ಅಕ್ಕ, ನಂಗೆ ಭಯ ಆಯ್ತು" ಎಂದ, ನಿಂತೇ.

"ಭಯ ಯಾರಿಗಾಗಲ್ಲ ಹೇಳಿ? ನನಗೂ ಆಗುತ್ತೆ." ಆಕೆ ತಲೆ ಎತ್ತಲಿಲ್ಲ. "ಬೆಲ್ ಆಯ್ತು ಸರ್. ನಿಮ್ಮ ಕ್ಲಾಸು."

ಅಷ್ಟು ವರ್ಷ 'ಏನೋ, ಬಾರೋ' ಎಂದಿದ್ದ ಬಾಯಿ ಅದು. ಬೈದಿದ್ದರೆ ಕಾಲು ಹಿಡಿಯುತ್ತಿದ್ದನೇನೋ. ಅವನ ಮುಖ ಕಿವಿಯವರೆಗೂ ಬಿಸಿಯಾಯಿತು. ಹಾಜರಿ ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಕ್ಲಾಸಿಗೆ ಹೋದ. ಮಕ್ಕಳು ಎದ್ದು ನಿಂತರು. ಕೂತುಕೊಳ್ಳಿ ಎನ್ನುವುದೂ ತೋಚದೆ ಅವನು ಅವರಿಗೆ ಬೆನ್ನು ಹಾಕಿ, ಖಾಲಿ ಬೋರ್ಡನ್ನು ಬಹಳ ಹೊತ್ತು ಒರೆಸುತ್ತಲೇ ಇದ್ದ.